ಸಕ್ಕರೆ ಅಚ್ಚಿಗೆ ಚಾಚಿದ ಕೈ

ಅರವತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಮುಗಿಸಿ, ರೈಲ್ವೆಯಲ್ಲಿ ಕೆಲಸದಲ್ಲಿದ್ದವರನ್ನು ಮದುವೆಯಾಗಿ ಅಹಮದಾಬಾದಿನ ಮಣಿನಗರಕ್ಕೆ ಬಂದಿದ್ದೆ. ಕೆಲಸಕ್ಕೆ ಹೋಗುವ ಮಾತೆತ್ತಿದರೆ ಅತ್ತೆ ಮುಖ ಊದಿಸಿಕೊಳ್ಳುತ್ತಿದ್ದರು. ಓದಿದ್ದಾಯಿತು, ಇನ್ನು ಸಂಸಾರ ನೋಡಿಕೊ ಎಂಬುದು ಅವರ ತೀರ್ಪು. ಯಜಮಾನರು ಇಬ್ಬರ ಮಾತಿಗೂ ತಲೆಯಾಡಿಸಿ ಆಫೀಸಿಗೆ ನಡೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಸಂಕ್ರಾಂತಿ. ಅಲ್ಲಿಯವರಿಗೆ ಅದು ಗಾಳಿಪಟದ ಹಬ್ಬ. ಊರಿಗೆ ಊರೇ ಮಹಡಿಯ ಮೇಲೆ. ಅತ್ತೆ ಸೊಸೆ ಇಬ್ಬರೇ ಕೆಳಗೆ ಕೂತು ತಟ್ಟೆಗೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಜೋಡಿಸುತ್ತಿದ್ದೆವು. ಪಕ್ಕದ ಮನೆಯ ಗುಜರಾತಿ ಹೆಂಗಸು ಎರಡು ವರ್ಷದ ಮಗಳನ್ನೆತ್ತಿಕೊಂಡು ಅಳುತ್ತ ಬಂದಳು. ಮಗುವಿನ ಎಡಗೈ ಜೋತುಬಿದ್ದಿತ್ತು, ಮುಟ್ಟಿದರೆ ಕಿರುಚಾಟ. ಮೂಳೆ ಮುರಿದಿದೆ ಎಂದುಕೊಂಡು ಅವಳ ಗಂಡ, ನಾಟಿ ವೈದ್ಯನ ಹತ್ತಿರ ಬಿದಿರಿನ ಪಟ್ಟಿ ಕಟ್ಟಿಸಬೇಕೆಂದು ಕುದುರೆಗಾಡಿ ತರಲು ಓಡಿದ್ದ.

ಮಗು ಬಿತ್ತೇ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಬಿದ್ದಿಲ್ಲವಂತೆ. ಮಹಡಿ ಹತ್ತುವ ಅವಸರದಲ್ಲಿ ತಾಯಿ ಒಂದೇ ಕೈ ಹಿಡಿದು ಮೆಟ್ಟಿಲ ಮೇಲಕ್ಕೆ ಎಳೆದಳಂತೆ. ಎಲ್ಲೂ ಊತವಿರಲಿಲ್ಲ. ಹೆಗಲಿನಿಂದ ಮಣಿಕಟ್ಟಿನವರೆಗೆ ಮೆಲ್ಲಗೆ ಒತ್ತಿ ನೋಡಿದೆ, ಮೂಳೆ ಮುರಿದ ಲಕ್ಷಣವೂ ಇರಲಿಲ್ಲ. ಎಳೆಯ ಮಕ್ಕಳ ಕೈ ಹೀಗೆ ಜಗ್ಗಿದರೆ ಮೊಣಕೈಯ ಒಂದು ಮೂಳೆಯ ತುದಿ ಕೊಂಚ ಜಾರುತ್ತದೆ. ಅದನ್ನು ಕೂರಿಸಬೇಕು; ಪಟ್ಟಿ ಕಟ್ಟಿದರೆ ಮಗು ನರಳುವುದೊಂದೇ ಲಾಭ.

ಅತ್ತೆ ನನ್ನ ಸೆರಗು ಜಗ್ಗಿದರು. “ಬೇಡ ಕಣೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಜನರ ಮಧ್ಯೆ ಹೇಗೆ ಬಾಳೋದು?”

“ಇದು ನಂಗೆ ಗೊತ್ತಿರೋ ಕೆಲಸ, ಅತ್ತೆ” ಎಂದೆ.

ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಮೊಣಕೈಗೆ ಹೆಬ್ಬೆರಳೊತ್ತಿ, ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಿ ಕೈ ಮಡಿಸಿದೆ. ಹೆಬ್ಬೆರಳ ಕೆಳಗೆ ಟಕ್ ಎಂದಿತು. ಮಗು ಚೀರಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ಮಗುವಿನ ಬಲಗೈ ಹಿಡಿದುಕೊಂಡು ಎಡಗಡೆಯಿಂದ ಗಿಳಿಯಾಕಾರದ ಸಕ್ಕರೆ ಅಚ್ಚೊಂದನ್ನು ತೋರಿಸಿದೆ. ಬಿಕ್ಕುತ್ತಲೇ ಎಡಗೈ ಚಾಚಿ ಕಿತ್ತುಕೊಂಡು ಬಾಯಿಗಿಟ್ಟಿತು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಈಗಲೂ ನೆನೆದರೆ ಉಬ್ಬುತ್ತದೆ, ಅದರಲ್ಲಿ ನನಗೆ ಸಂಕೋಚವೇನಿಲ್ಲ.

ಸಂಜೆ ಎಳ್ಳು ಬೀರಲು ಅತ್ತೆ ನನ್ನನ್ನು ಕರೆದುಕೊಂಡು ಹೊರಟರು. ಹೋದ ಕನ್ನಡದ ಮನೆಗಳಲ್ಲೆಲ್ಲ ಎಳ್ಳಿಗಿಂತ ಮೊದಲು ನನ್ನ ಸುದ್ದಿಯನ್ನೇ ಹಂಚಿದರು. ಕೊನೆಯ ಮನೆಯಾಕೆ, ದಿನಾ ಬೆಳಿಗ್ಗೆ ಸೊಸೆಯನ್ನು ನಮ್ಮಲ್ಲಿಗೆ ಹಾಡು ಕಲಿಯಲು ಕಳಿಸಿ ಎಂದರು.

“ಅವಳಿಗೆಲ್ಲಿ ಪುರಸೊತ್ತು?” ಎಂದರು ಅತ್ತೆ. “ಬೆಳಿಗ್ಗೆ ಹೊತ್ತು ಅವಳು ಆಸ್ಪತ್ರೆಗೆ ಹೋಗ್ತಾಳೆ.”

ನಾನಿನ್ನೂ ಎಲ್ಲಿಗೂ ಅರ್ಜಿಯನ್ನೇ ಹಾಕಿರಲಿಲ್ಲ.