ಹಾಜರಿ ನಂಬರಿನ ಪ್ರಶ್ನೆಗಳು

ನಾನು ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನದ ಮೇಷ್ಟ್ರು. ಪ್ರಶ್ನೆ ಕೇಳಿದ ಮಕ್ಕಳನ್ನು ಯಾವತ್ತೂ ಗದರಿದವನಲ್ಲ. "ಒಳ್ಳೆ ಪ್ರಶ್ನೆ, ಆಮೇಲೆ ಹೇಳ್ತೀನಿ" ಎಂದು ಬೆನ್ನು ತಟ್ಟಿ ಕೂರಿಸಿದ್ದೇನೆ. ಆ ಆಮೇಲೆ ಇನ್ನೂ ಬಂದಿಲ್ಲ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಆಮೇಲೆ ಮೇಷ್ಟ್ರು' ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಮುಖದ ಮೇಲೇ ಅನ್ನುತ್ತಾಳೆ.

ಹೋದ ತಿಂಗಳು, ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವುದು ಹೇಗೆಂಬ ಮೂರು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ, ಊಟ ಎಷ್ಟು ಗಂಟೆಗೆ ಎಂದು. ಆದರೆ ಮೈಕ್ ಹಿಡಿದು ವೇದಿಕೆಯ ತುಂಬ ಓಡಾಡುತ್ತಿದ್ದ ತರಬೇತುದಾರನನ್ನು ಕಂಡು ಹೊಟ್ಟೆ ಉರಿಯಿತು. ಆ ಜಾಗ ನನಗೆ ಬೇಕು ಅನ್ನಿಸಿತು. ವಾಪಸ್ಸು ಬಂದ ಮೇಲೆ ಹೆಡ್‌ಮಿಸ್ ಹೇಳಿದರು: ಇನ್ಸ್‌ಪೆಕ್ಟರ್ ಮೇಡಂ ನನ್ನ ಪಾಠ ನೋಡಲು ಬರುತ್ತಾರಂತೆ, ಮೆಚ್ಚಿದರೆ ಮುಂದಿನ ತರಬೇತುದಾರ ನಾನೇ ಅಂತೆ.

ಇಂಥ ವಿಷಯವನ್ನು ಮಕ್ಕಳ ಕೈಗೆ ಬಿಡಲಾಗುತ್ತದೆಯೇ? ನಲವತ್ತು ಚೀಟಿಯಲ್ಲಿ ನಲವತ್ತು ಪ್ರಶ್ನೆ ಬರೆದು ಹಾಜರಿ ನಂಬರಿನ ಪ್ರಕಾರ ಹಂಚಿದೆ. "ಈಗ್ಲೇ ಹೊಳೀತು ಅನ್ನೋ ಹಾಗೆ ಕೇಳ್ಬೇಕು. ಸ್ವಲ್ಪ ತಲೆ ಕೆರ್ಕೊಳ್ಳಿ" ಎಂದೆ. ಎರಡು ದಿನ ತಲೆ ಕೆರೆಯುವ ಅಭ್ಯಾಸವೂ ನಡೆಯಿತು.

ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ, ಹಚ್ಚಿ, ಗಾಜಿನ ಲೋಟ ಕವುಚಿದೆ. ಬತ್ತಿ ಆರಿತು, ಲೋಟದೊಳಗೆ ನೀರು ಏರಿತು. ಆಮ್ಲಜನಕ ಖರ್ಚಾಗಿ ಆ ಜಾಗಕ್ಕೆ ನೀರು ಬಂತು ಎಂದು ವಿವರಿಸಿದೆ. ಒಂದನೇ ನಂಬರು ತಲೆ ಕೆರೆಯುತ್ತ ಎದ್ದಳು. ಎಂಟರ ತನಕ ಎಲ್ಲ ಸಲೀಸು. ಆಮೇಲೆ ಯಾರೂ ಏಳಲಿಲ್ಲ.

"ಯಾಕೆ, ಪ್ರಶ್ನೆ ಮುಗಿದ್ವಾ?" ಎಂದರು ಮೇಡಂ.

ಹತ್ತನೇ ನಂಬರಿನವನು ಎದ್ದು ನಿಂತ. "ಇಲ್ಲ ಮೇಡಂ, ಒಂಬತ್ತಕ್ಕೆ ಜ್ವರ. ಅವಳು ಕೇಳೋ ತನಕ ನಾವು ಕೇಳೋ ಹಾಗಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಚೀಟಿ ಪಕ್ಕಕ್ಕಿಡಿ. ನಿಮ್ದೇ ಏನಾದ್ರೂ ಇದ್ರೆ ಕೇಳಿ" ಎಂದರು.

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದಳು. ವರ್ಷದ ಶುರುವಿನಲ್ಲಿ ಬಹಳ ಮಾತಾಡುತ್ತಿದ್ದವಳು, ಈಚೆಗೆ ತುಟಿ ಬಿಚ್ಚಿರಲಿಲ್ಲ.

"ಸಾರ್, ಬತ್ತಿ ಉರಿಯೋವಾಗ ನೀರು ಅಲ್ಲೇ ಇತ್ತು. ಆರಿದ್ಮೇಲೆ ಸರ್ರಂತ ಏರ್ತು. ಆಮ್ಲಜನಕ ಉರಿಯೋವಾಗ್ಲೇ ಅಲ್ವಾ ಖರ್ಚಾಗೋದು? ಮತ್ತೆ ನೀರು ಯಾಕೆ ಕಾಯ್ತು?"

ಇಪ್ಪತ್ತೆರಡು ವರ್ಷ ಇದೇ ಪ್ರಯೋಗ ಮಾಡಿದ್ದೇನೆ. ನೀರು ಏರುವ ಹೊತ್ತಿಗೆ ನಾನು ಪ್ರತಿ ಸಲವೂ ಬೋರ್ಡಿನ ಕಡೆ ತಿರುಗಿ ಉತ್ತರ ಬರೆಯುತ್ತಿರುತ್ತೇನೆ. ನೀರನ್ನು ಒಂದು ದಿನವೂ ನೋಡಿಲ್ಲ. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವಳು ನನ್ನನ್ನು ನಂಬಿ ಕೇಳಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ನಂಗೆ ಗೊತ್ತಿಲ್ಲಮ್ಮ" ಎಂದೆ.

ಮೂವತ್ತೆಂಟು ತಲೆಗಳು ಒಟ್ಟಿಗೆ ಬಗ್ಗಿದವು. ಮುಂದಿನ ಬೆಂಚಿನ ನೋಟ್‌ಬುಕ್ಕಿನಲ್ಲಿ ಇಣುಕಿದೆ. 'ಉತ್ತರ: ನಂಗೆ ಗೊತ್ತಿಲ್ಲಮ್ಮ' ಎಂದು ದುಂಡಗೆ ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆಯುತ್ತಿದ್ದರು. ಬರೆಯದೆ ಉಳಿದವಳು ಅವಳೊಬ್ಬಳೇ. ಮೇಜಿನ ಹತ್ತಿರ ಬಂದು, ಬೆಂಕಿಪೆಟ್ಟಿಗೆಗಾಗಿ ನನ್ನ ಮುಂದೆ ಕೈ ಚಾಚಿದಳು.