ಬಾನ್ಯುಲ್ಸ್ ಇದೆಯೋ ಇಲ್ಲವೋ ನೋಡಲು ಹೋದ ನೀಲಕ್ಕ

ನೀಲಕ್ಕ ಒಂದು ಕಡೆ ಕೂತು ಚಹಾ ಮುಗಿಸಿದ್ದನ್ನು ನಾನು ಕಂಡಿಲ್ಲ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಎದುರುಮನೆಯವರು. ಕಪ್ಪು ಹಿಡಿದುಕೊಂಡೇ ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಓಡಾಡುವರು. ಕೂತುಕೊಳ್ಳಿ ಎಂದರೆ, “ಕುಂತ್ರ ತಲಿ ಓಡ್ಲಿಕ್ಕೆ ಶುರು ಮಾಡ್ತದ ತಂಗಿ. ಅದಕಿಂತ ಕಾಲು ಓಡಿದ್ರ ಪಾಡು,” ಅನ್ನುತ್ತಿದ್ದರು.

ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಭಾನುವಾರ ಬಂತೆಂದರೆ ತವರು ಕಮಲಾಪುರಕ್ಕೆ ಹೊರಡುವರು; ತಮ್ಮನ ತೋಟದ ಕೆಂಪು ಬಾಳೆಹಣ್ಣು ಚೀಲಕ್ಕೆ ತುಂಬಿಕೊಂಡು ಸಂಜೆಯ ಬಸ್ಸಿಗೇ ತಿರುಗಿ ಬರುವರು. ಬಂದ ಮೇಲೆ, ಇವತ್ತೊಂದು ದಿನ ಅಲ್ಲೇ ಇರಬೇಕಿತ್ತು ಎಂದು ನಮ್ಮ ಮುಂದೆ ಹಳಹಳಿಸುವರು.

ಅವರ ಗಂಡ ಬಸಣ್ಣ ಸರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೆತ್ತಗಿನ ಮನುಷ್ಯ. ಫ್ರಾನ್ಸಿನ ಕಡಲ ದಂಡೆಯ ಬಾನ್ಯುಲ್ಸ್ ಎಂಬ ಊರಲ್ಲಿ ವೈನನ್ನು ನೆಲಮಾಳಿಗೆಯಲ್ಲಿ ಅಡಗಿಸದೆ ಗಾಜಿನ ಬರಣಿಗಳಲ್ಲಿ ಬಿಸಿಲಿಗೇ ಇಡುತ್ತಾರೆ ಎಂದು ಅವರು ಎಲ್ಲೋ ಓದಿದ್ದರು. ಕಲಬುರಗಿಯಲ್ಲಿ ಬಿಸಿಲಿಗೇನು ಕೊರತೆ ಎಂದು ಮಾಳಿಗೆಯ ಮೇಲೆ ದ್ರಾಕ್ಷಿ ರಸದ ಬರಣಿಗಳನ್ನು ಸಾಲಾಗಿ ಇಟ್ಟರು. ರಸ ಹುಳಿಯಾಗಿ ಓಣಿಗೆಲ್ಲ ನಾರಿತು. ಲಿಂಗವಂತರ ಮನೆಯ ಮೇಲೆ ಹೆಂಡವೇ ಎಂದು ನೆಂಟರು ಆಡಿಕೊಂಡರು. ನೀಲಕ್ಕ ಎಲ್ಲವನ್ನೂ ಬಚ್ಚಲಿಗೆ ಸುರಿದು, ಅಂಥ ಊರೇ ಇಲ್ಲ, ಎಲ್ಲ ನಿಮ್ಮ ಕಲ್ಪನೆ ಎಂದುಬಿಟ್ಟರಂತೆ. ಮರುವರ್ಷ ಸರ್ ಹೃದಯಾಘಾತದಲ್ಲಿ ಹೋದರು.

ಈಚೆಗೆ ನಮ್ಮೂರ ರೋಜಾ ಬಡಾವಣೆಯ ಹತ್ತಿರದ ಟ್ರಾವೆಲ್ಸಿನವರು ಸ್ಪೇನಿಗೆ ಪ್ರವಾಸ ಹೊರಡಿಸಿದಾಗ ನೀಲಕ್ಕ ನನ್ನನ್ನೂ ಒಪ್ಪಿಸಿದರು. ಬಾರ್ಸಿಲೋನಾದಲ್ಲಿ ಎಲ್ಲರೂ ಪೇಟೆಗೆ ಹೋದ ದಿನ ನನ್ನ ಕೈ ಹಿಡಿದು ರೈಲು ಹತ್ತಿಸಿದರು. ಗಡಿಯಲ್ಲಿ ಇನ್ನೊಂದು ರೈಲು ಹಿಡಿಯಬೇಕು ಎಂಬುದೂ ಅವರಿಗೆ ಮೊದಲೇ ಗೊತ್ತಿತ್ತು. ಬಲಕ್ಕೆ ಸಮುದ್ರ ಕಾಣತೊಡಗಿದ ಮೇಲೂ ಕಿಟಕಿಯ ಬಳಿ ಕೂರದೆ ಬಾಗಿಲ ಹತ್ತಿರವೇ ನಿಂತಿದ್ದರು.

ಬಾನ್ಯುಲ್ಸ್ ಸಣ್ಣ ಊರು. ಕರಿಕಲ್ಲಿನ ಗುಡ್ಡಗಳ ತುಂಬ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ, ಕೆಳಗೆ ನೀಲಿ ನೀರು. ಒಂದು ವೈನ್ ಮನೆಯ ಒಡತಿ ಹಿತ್ತಲಿನ ಗೇಟು ತೆಗೆದಳು. ಬಯಲಲ್ಲಿ, ಉರಿಬಿಸಿಲಲ್ಲಿ, ದಪ್ಪ ಹೊಟ್ಟೆಯ ಗಾಜಿನ ಬರಣಿಗಳು ಸಾಲುಸಾಲಾಗಿ ಕೂತಿದ್ದವು.

ಇದು ಹುಳಿಯಾಗುವುದಿಲ್ಲವೇ ಎಂದು ನೀಲಕ್ಕ ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿದರು. ರಸ ಪೂರ್ತಿ ಹುದುಗುವ ಮೊದಲೇ ಗಟ್ಟಿ ಮದ್ಯಸಾರ ಬೆರೆಸುತ್ತೇವೆ, ಆಮೇಲೆ ಬಿಸಿಲು ಅದನ್ನು ಕೆಡಿಸುವುದಿಲ್ಲ, ಮಾಗಿಸುತ್ತದೆ ಎಂದಳು ಒಡತಿ. ನಾನು ಕನ್ನಡದಲ್ಲಿ ಹೇಳಿದೆ. ನೀಲಕ್ಕ ಒಂದು ಬರಣಿಯ ಮೇಲೆ ಅಂಗೈ ಇಟ್ಟರು. ಗಾಜು ಸುಡುತ್ತಿದ್ದಿರಬೇಕು, ಆದರೂ ಕೈ ತೆಗೆಯಲಿಲ್ಲ.

“ಊರು ಅದ ನೋಡು,” ಅಂದರು. “ಅವ್ರು ಖರೇನೇ ಹೇಳಿದ್ರು.”

ಒಡತಿ ಎರಡು ಸಣ್ಣ ಗ್ಲಾಸು ತುಂಬಿ ತಂದಳು. ನೀಲಕ್ಕ ತಮ್ಮದನ್ನು ಮುಟ್ಟಲಿಲ್ಲ. ನಾನು ನನ್ನದನ್ನು ಕುಡಿದೆ. ನೀಲಕ್ಕ ಹೇಗಿದೆ ಎಂದೂ ಕೇಳದೆ ಸ್ಟೇಷನ್ನಿಗೆ ಅವಸರ ಮಾಡಿದರು. ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆಯುತ್ತಲೇ ಇದ್ದರು.

ಆ ಊರು ಕಂಡ ಮೇಲಾದರೂ ಮನಸ್ಸು ತಣ್ಣಗಾಗಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಖೂಬಾ ಪ್ಲಾಟಿನ ಮನೆಗೆ ಬೀಗ ಹಾಕಿ ಕಮಲಾಪುರಕ್ಕೆ ಹೋದರು, ತಿಂಗಳೊಳಗೆ ತಿರುಗಿ ಬಂದರು, ಮತ್ತೆ ಹೋದರು. ಕೊನೆಗೆ ಅಲ್ಲಿಯೇ ಕಾಯಿಲೆ ಬಿದ್ದರು.

ನೋಡಲು ಹೋದಾಗ ಮಂಚದ ಮೇಲಿದ್ದರು. ಹೊದಿಕೆಯೊಳಗೆ ಕಾಲುಗಳು ಅಲುಗುತ್ತಲೇ ಇದ್ದವು. ಅವರ ತಮ್ಮ ಕುರ್ಚಿ ಹಾಕಿಕೊಟ್ಟು ತೋಟಕ್ಕೆ ಹೋದರು. ಅವರು ಅತ್ತ ಹೋದದ್ದೇ ತಡ, ನೀಲಕ್ಕ ನನ್ನ ಕೈ ಹಿಡಿದುಕೊಂಡರು.

“ಅವತ್ತು ನಾ ಕೇಳ್ಲೇ ಇಲ್ಲ. ಅದರ ರುಚಿ ಹೆಂಗಿತ್ತು?”

ನೆನಪು ಮಾಡಿಕೊಂಡು ಹೇಳಿದೆ. ಮೊದಲು ಒಣದ್ರಾಕ್ಷಿ, ಅದರ ಹಿಂದೆ ಸುಟ್ಟ ಬೆಲ್ಲ, ಕೊನೆಗೆ ನಾಲಿಗೆಯ ಮೇಲೆ ಅಕ್ರೋಟಿನಂಥ ಸಣ್ಣ ಒಗರು. ಗಂಟಲಲ್ಲಿ ಬೆಚ್ಚಗೆ ಇಳಿದಿತ್ತು.

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, “ಇನ್ನೊಮ್ಮೆ ಹೇಳು, ನಾ ಮರೀಬಾರ್ದು,” ಅಂದರು. “ಅವ್ರಿಗೆ ಹೇಳ್ಬೇಕು.”

ನಾನು ಒಣದ್ರಾಕ್ಷಿಯಿಂದ ಮತ್ತೆ ಶುರು ಮಾಡಿದೆ.