ಸುಧಾರಿಸಿಕೊಳ್ಳುವ ಹೊತ್ತು

ನಮ್ಮಣ್ಣ ಫಿದೆನ್ಸಿಯೊ ಮಾತಿನಲ್ಲಿ ಬಲು ಜಿಪುಣ. ಮೆಕ್ಸಿಕೋ ನಗರದಲ್ಲಿ ಕರೆಂಟಿನ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸಿನಲ್ಲಿ ಅವನ ತಲೆಯ ಮೇಲೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಹಲಗೆ ಇತ್ತು. ಅದನ್ನು ಬರೆಸಿದ್ದು ಪ್ರಯಾಣಿಕರಿಗೆ. ಇವನು ತನಗೇ ಹಾಕಿದ ಅಪ್ಪಣೆ ಎಂದುಕೊಂಡುಬಿಟ್ಟ. ಸಾರು ಹೇಗಿದೆಯೋ ಎಂದು ಕೇಳಿದರೆ ಬಟ್ಟಲು ಮುಂದೆ ಚಾಚುತ್ತಿದ್ದ. ಚೆನ್ನಾಗಿದೆ ಎಂದು ನಾನೇ ತಿಳಿದುಕೊಳ್ಳಬೇಕು. ಅವನಿಗೂ ಮದುವೆಯಾಗಿರಲಿಲ್ಲ, ನನಗೂ ಆಗಿರಲಿಲ್ಲ. ಅಪ್ಪ ಬಿಟ್ಟುಹೋದ ಪೋರ್ತಾಲೆಸ್ ಬಡಾವಣೆಯ ಮನೆಯಲ್ಲಿ ಇಬ್ಬರೂ ಕಿತ್ತಾಡಿಕೊಂಡು ಇದ್ದೆವು. ಕಿತ್ತಾಟ ಎಂದರೂ ಕೂಗುತ್ತಿದ್ದವಳು ನಾನೊಬ್ಬಳೇ.

ಶನಿವಾರ ಬಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ಹಿಂದಿನ ಸಂಜೆಯೇ ಕಪ್ಪು ಬಿಳುಪಿನ ಬೂಟುಗಳಿಗೆ ಪಾಲಿಶ್ ಹಾಕಿ ಕಿಟಕಿಯಲ್ಲಿ ಇಡುತ್ತಿದ್ದ. ನಾನು ಬಿಳಿ ಅಂಗಿಗೆ ಇಸ್ತ್ರಿ ಹಾಕಬೇಕು, ಮಡಿಕೆ ಒಂದು ಎಳೆ ಆಚೀಚೆ ಆದರೂ ಅಂಗಿ ತಿರುಗಿ ನನ್ನ ಮೇಜಿಗೇ ಬರುತ್ತಿತ್ತು. ಬೆಳಿಗ್ಗೆ ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಸಿಯುದಾದೇಲಾ ಚೌಕಕ್ಕೆ ದಾನ್ಸೋನ್ ಕುಣಿಯಲು ಹೊರಡುತ್ತಿದ್ದ. ನಾನೂ ಹಿಂದೆ. ನನಗೆ ಕುಣಿತ ಬಾರದು, ಕಾಲಿನ ಹೆಬ್ಬೆರಳ ಗಂಟು ಬಿಡುವುದಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ದಾಸವಾಳದ ಶರಬತ್ತು ಕುಡಿಯುತ್ತಾ, ಯಾರ ಸೊಂಟ ದಪ್ಪವಾಯಿತು, ಯಾರ ಕೂದಲಿಗೆ ಹೊಸ ಬಣ್ಣ ಬಂತು ಎಂದು ನೋಡುವುದೇ ನನ್ನ ಕೆಲಸ.

ದಾನ್ಸೋನ್ ಮುದುಕರ ಕುಣಿತ ಎನ್ನುತ್ತಾರೆ ಈಗಿನವರು. ಎನ್ನಲಿ. ಹಾರುವುದಿಲ್ಲ, ಗಿರಗಿರನೆ ತಿರುಗುವುದಿಲ್ಲ. ಒಂದು ಇಟ್ಟಿಗೆಯಷ್ಟು ಜಾಗದಲ್ಲಿ ಗಂಡು ಹೆಣ್ಣು ಬೆನ್ನು ನೆಟ್ಟಗೆ ಮಾಡಿಕೊಂಡು ಹೆಜ್ಜೆ ಹಾಕಬೇಕು. ನಡುನಡುವೆ ಮೊದಲಿನ ಪಲ್ಲವಿ ಮರಳಿ ಬಂದಾಗ ಎಲ್ಲರೂ ನಿಂತುಬಿಡುತ್ತಾರೆ. ಅದು ಸುಧಾರಿಸಿಕೊಳ್ಳುವ ಹೊತ್ತು. ಹೆಂಗಸರು ಬೀಸಣಿಗೆ ಬಿಚ್ಚುತ್ತಾರೆ, ಗಂಡಸರು ಹಣೆ ಒರೆಸಿಕೊಳ್ಳುತ್ತಾರೆ, ಮಾತಾಡುವುದಿದ್ದರೆ ಆಗಲೇ. ಪಲ್ಲವಿ ಮುಗಿಯುವ ಆ ಒಂದು ತಾಳದ ಪೆಟ್ಟಿಗೆ ಸರಿಯಾಗಿ ಮತ್ತೆ ಹೆಜ್ಜೆ ಎತ್ತಬೇಕು. ಎತ್ತದೆ ನಿಂತರೆ ಮರ್ಯಾದೆ ಹೋಯಿತು ಅಂತಲೇ ಲೆಕ್ಕ. ಬೆಂಚಿನವರೆಲ್ಲ ಸಿಳ್ಳೆ ಹಾಕುತ್ತಾರೆ. ಇನ್ನೊಂದು ಕಟ್ಟಳೆಯೂ ಉಂಟು. ಕುಣಿತದ ಜೊತೆಗಾರರು ಪರಸ್ಪರ 'ನೀವು' ಎನ್ನಬೇಕು, ಹೆಸರಿನ ಮುಂದೆ ಡೊನ್, ಡೋನ್ಯಾ ಎಂದು ಮರ್ಯಾದೆ ಸೇರಿಸಬೇಕು. ಎಷ್ಟು ವರ್ಷದ ಪರಿಚಯವಾದರೂ ಚೌಕದಲ್ಲಿ 'ನೀನು' ಎಂದರೆ ಅದರ ಅರ್ಥ ಬೇರೆ.

ನಮ್ಮಣ್ಣನ ಜೊತೆಗಾತಿ ಒತಿಲಿಯಾ. ಪುಯೆಬ್ಲಾ ಊರಿನವಳು, ಗಂಡ ಸತ್ತ ಮೇಲೆ ಅಲ್ಲಿ ಗುಂಡಿ, ದಾರ, ಲೇಸಿನ ಅಂಗಡಿ ನಡೆಸುತ್ತಿದ್ದಳು. ಪ್ರತಿ ಶನಿವಾರ ಬೆಳಗಿನ ಬಸ್ಸು ಹಿಡಿದು ನಮ್ಮ ನಗರಕ್ಕೆ ಬರುತ್ತಿದ್ದಳು. ಮಗಳಿಗೆ ಹೇಳುತ್ತಿದ್ದದ್ದು ಸಗಟು ಗುಂಡಿ ತರುತ್ತೇನೆ ಎಂದು. ಅವಳು ತಂದ ಗುಂಡಿಗಳಲ್ಲಿ ಇಡೀ ಪುಯೆಬ್ಲಾದ ಅಂಗಿಗಳನ್ನು ಮುಚ್ಚಬಹುದಿತ್ತು. ನನಗೆ ಒಂದು ಡಬ್ಬಿ ಗೆಣಸಿನ ಮಿಠಾಯಿ ತಂದು, "ತಗೋ ರೆಮೆ, ಬಾಯಿ ಸ್ವಲ್ಪ ಸಿಹಿ ಆಗ್ಲಿ," ಎನ್ನುತ್ತಿದ್ದಳು. ರೆಮೆದಿಯೋಸ್ ಎಂಬ ನನ್ನ ಪೂರ್ತಿ ಹೆಸರು ಕರೆಯುವಷ್ಟು ತಾಳ್ಮೆ ಅವಳಿಗೆ ಎಂದೂ ಇರಲಿಲ್ಲ.

ಕುಣಿತ ಮುಗಿದ ಮೇಲೆ ಮೂವರೂ ಊರು ಸುತ್ತುತ್ತಿದ್ದೆವು. ಎಂಥ ಶನಿವಾರಗಳು ಅವು! ಚೀನೀಯರ ಹೋಟೆಲಿನಲ್ಲಿ ದಪ್ಪ ಗಾಜಿನ ಲೋಟಕ್ಕೆ ಮೇಲಿನಿಂದ ಸುರಿದ ಹಾಲು ಕಾಫಿ, ಅದರಲ್ಲಿ ಅದ್ದಿ ತಿನ್ನಲು ಸಕ್ಕರೆ ಮೆತ್ತಿದ ಬನ್ನು. ಜಕರಂಡ ಹೂ ಬಿಡುವ ಕಾಲದಲ್ಲಿ ಅಲಮೇದಾ ಪಾರ್ಕಿನಲ್ಲಿ ನೆಲವೆಲ್ಲ ನೇರಳೆ. ಒಮ್ಮೆ ಅಣ್ಣ ನಮ್ಮನ್ನು ಗೋಡೆಚಿತ್ರ ನೋಡಲು ಕರೆದುಕೊಂಡು ಹೋದ. ಜನ ಕ್ರಾಂತಿ, ರಕ್ತ, ಬಾವುಟ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಒತಿಲಿಯಾ ಕನ್ನಡಕ ಏರಿಸಿ ಗೋಡೆಗೆ ಮೂಗು ತಾಗಿಸಿದಳು.

"ಡೊನ್ ಫಿದೆನ್ಸಿಯೊ, ಈ ಸೇನಾಪತಿ ಕೋಟಿಗೆ ಒಂದು ಗುಂಡಿ ಕಮ್ಮಿ ಇದೆ ನೋಡಿ."

"ಯುದ್ಧದಲ್ಲಿ ಬಿದ್ದಿರ್ಬೇಕು, ಡೋನ್ಯಾ ಒತಿಲಿಯಾ," ಎಂದ ಅಣ್ಣ.

ಅಷ್ಟಕ್ಕೇ ಇಬ್ಬರೂ ಮಕ್ಕಳಂತೆ ಬಿದ್ದು ಬಿದ್ದು ನಕ್ಕರು. ಕಾವಲಿನವನು ಗದರಿದ. ನಮ್ಮಣ್ಣನಿಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದೇ ಆವತ್ತು.

ಹೀಗೆ ವರ್ಷಗಳು ಹೋದವು. ಅವನ ಮನಸ್ಸು ಎಲ್ಲಿದೆ ಎಂದು ಚೌಕದಲ್ಲಿ ಜೋಳ ಮಾರುವವನಿಗೂ ಗೊತ್ತಿತ್ತು. ಇವನು ಮಾತ್ರ ಬಾಯಿ ಬಿಡಲೊಲ್ಲ. ಒಂದು ಶನಿವಾರ ಕಾಫಿಗೆ ಬನ್ನು ಅದ್ದುತ್ತಾ ಒತಿಲಿಯಾ ಹೇಳಿದಳು: "ಅಂಗಡಿ ಮಾರ್ತಾ ಇದೀವಿ. ಮಗಳು ತಿಹ್ವಾನಾಗೆ ಕರ್ಕೊಂಡು ಹೋಗ್ತಾಳಂತೆ, ಅವಳ ಗಂಡನಿಗೆ ಅಲ್ಲೇ ಕೆಲಸ. ಮುಂದಿನ ಶನಿವಾರ ಬಂದು ಹೋಗ್ತೀನಿ, ಅಷ್ಟೇ."

ದೇಶದ ಆ ತುದಿಯ ಊರು ಅದು. ಅಲ್ಲಿಂದ ಶನಿವಾರ ಬಂದು ಹೋಗುವ ಮಾತೇ ಇಲ್ಲ. ಅಣ್ಣನ ಬನ್ನು ಮುರಿದು ಕಾಫಿಯಲ್ಲಿ ಬಿತ್ತು. ಅವನು ಚಮಚದಿಂದ ಅದನ್ನು ಹುಡುಕುತ್ತಲೇ ಇದ್ದ.

ಆ ವಾರ ಅವನು ಊಟ ಬಿಟ್ಟ. ನಾನು ಬಾಯಿಗೆ ಬಂದಂತೆ ಬೈದೆ.

"ಬಾಯಲ್ಲೇನು ತಮಾಲ್ ಕಡುಬು ಇಟ್ಕೊಂಡಿದೀಯಾ? ಹೋಗ್ಬೇಡ ಅಂತ ಹೇಳೋಕೆ ಏನು ಕಷ್ಟ ನಿಂಗೆ?"

"ಹೇಳೋಕೆ ನಾನ್ಯಾರೇ? ಕುಣಿತದ ಜೊತೆಗಾರ."

"ಮಾರಾಯ, ಅವಳೇನು ಗುಂಡಿಗೋಸ್ಕರ ಬರ್ತಾ ಇದ್ಲು ಅನ್ಕೊಂಡ್ಯಾ?"

ಅವನು ಬೂಟುಗಳಿಗೆ ಪಾಲಿಶ್ ಹಾಕಲು ಕೂತ. ಆವತ್ತು ಇನ್ನೂ ಬುಧವಾರ.

ಶನಿವಾರ ಒತಿಲಿಯಾ ಹಸಿರು ಉಡುಪಿನಲ್ಲಿ ಬಂದಳು. ವಾದ್ಯಮೇಳದ ಯಜಮಾನ ಡೊನ್ ಅಬುಂದಿಯೊಗೆ ಸುದ್ದಿ ಮುಟ್ಟಿತ್ತು. ಅವನು ಎಂದಿನಂತೆ ಗಂಟಲು ಸರಿಮಾಡಿಕೊಂಡು ಕೂಗಿದ: "ಏ ಮನೆಮಂದಿ! ಈ ದಾನ್ಸೋನ್ ಡೋನ್ಯಾ ಒತಿಲಿಯಾ ಅವರಿಗೆ, ಅವರ ಜೊತೆಗಿರೋರಿಗೆ!" ಪ್ರತಿ ಹಾಡಿಗೂ ಯಾರದೋ ಹೆಸರು ಹೇಳಿ ಹೀಗೇ ಕೂಗುವುದು ಅವನ ವಾಡಿಕೆ. ಆವತ್ತು ಮಾತ್ರ ಜೊತೆಗಿರುವವರು ಎಂದಾಗ ಎಲ್ಲರೂ ನಮ್ಮಣ್ಣನ ಕಡೆ ನೋಡಿದರು.

ನನ್ನ ಬೆಂಚಿನ ಎದುರಿನ ಇಟ್ಟಿಗೆಯಷ್ಟು ಜಾಗವೇ ಅವರದು, ಅವಳ ಕೈಚೀಲ ನನ್ನ ಮಡಿಲಲ್ಲಿ. ಒಂದು ಸುತ್ತು ಕುಣಿದರು. ಪಲ್ಲವಿ ಬಂತು, ಎಲ್ಲರೂ ನಿಂತರು. ಒತಿಲಿಯಾ ಬೀಸಣಿಗೆ ಬಿಚ್ಚಿದಳು. ಅಣ್ಣ ಹಣೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ನಾನು ಬೆಂಚಿನಲ್ಲಿ ಉಗುರು ಕಚ್ಚುತ್ತಿದ್ದೆ. ಪಲ್ಲವಿ ಮುಗಿದು ಆ ಪೆಟ್ಟು ಬಿತ್ತು, ಚೌಕವೆಲ್ಲ ಹೆಜ್ಜೆ ಎತ್ತಿತು. ನಮ್ಮಣ್ಣ ನಿಂತೇ ಇದ್ದ.

ಬೆಂಚುಗಳಿಂದ ಸಿಳ್ಳೆ ಶುರುವಾಯಿತು. "ಡ್ರೈವರ್ರೇ, ಬಸ್ಸು ಕೆಟ್ಟಿತಾ? ಇಳಿದು ತಳ್ಳೋಣ್ವಾ?" ಎಂದು ಯಾರೋ ಕೂಗಿದರು.

"ಡೊನ್ ಫಿದೆನ್ಸಿಯೊ, ತಾಳ ತಪ್ಪಿಹೋಯ್ತು," ಎಂದಳು ಒತಿಲಿಯಾ ಮೆಲ್ಲಗೆ.

"ತಪ್ಪಲಿ. ನೀನು ಹೋಗ್ಬೇಡ."

ಬೀಸಣಿಗೆ ನಿಂತಿತು. ಜೀವಮಾನದಲ್ಲಿ ಎಂದೂ ಪೆಟ್ಟು ತಪ್ಪಿಸದ ಮನುಷ್ಯ, ಕಿವಿಯವರೆಗೆ ಕೆಂಪಾಗಿ, ಟೋಪಿ ಕೈಯಲ್ಲಿ ಹಿಡಿದುಕೊಂಡು ಎಲ್ಲರ ಎದುರು ನಿಂತಿದ್ದ. ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಸಿಳ್ಳೆ ಹಾಕುವವರನ್ನು ಬೈದೆ.

"ಯಾವಾಗಿಂದ ನಾನು ನಿಮಗೆ 'ನೀನು' ಆದೆ?" ಎಂದಳು ಅವಳು.

"ಈಗಿಂದ."

"ಸರಿ. ಇನ್ನೊಂದ್ಸಲ ಸುಧಾರಿಸ್ಕೊಳ್ಳೋವಾಗ ಹೇಳ್ತೀನಿ. ಈಗ ಕುಣೀರಿ, ಜನ ನೋಡ್ತಿದಾರೆ."

ಕುಣಿದರು. ಅಷ್ಟು ಕೆಟ್ಟದಾಗಿ ನಮ್ಮಣ್ಣ ಎಂದೂ ಕುಣಿದಿರಲಿಲ್ಲ, ಅವಳ ಕಾಲು ತುಳಿದ ಕೂಡ. ಮತ್ತೆ ಪಲ್ಲವಿ ಬಂದಾಗ ಒತಿಲಿಯಾ ನಿಧಾನವಾಗಿ ಬೀಸಣಿಗೆ ಬಿಚ್ಚಿ, ಮೇಳದ ಕಡೆ ನೋಡುತ್ತಾ ಹೇಳಿದಳು: "ತಿಹ್ವಾನಾದಲ್ಲಿ ನನಗೆ ಕಾಲು ತುಳಿಸಿಕೊಳ್ಳೋಕೆ ಯಾರೂ ಪರಿಚಯ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ರೆಮೆ, ನಿಮ್ಮ ಮನೇಲಿ ಗುಂಡಿ ಇಡೋಕೆ ಜಾಗ ಇದೆಯಾ?" ಎಂದಳು.

ಜಾಗ ಮಾಡಿದೆವು, ಮದುವೆಯೂ ಆಯಿತು. ನಮ್ಮ ಮನೆಯ ಬೀರುಗಳಲ್ಲಿ ಇವತ್ತಿಗೂ ಅಕ್ಕಿಗಿಂತ ಗುಂಡಿ ಹೆಚ್ಚು. ನನ್ನ ಜಗಳಕ್ಕೆ ಎದುರು ಬಾಯಿ ಸಿಕ್ಕಿತು, ಮನೆ ಮನೆಯಾಯಿತು. ಅಣ್ಣ ಆವತ್ತಿನಿಂದ ಅವಳನ್ನು 'ನೀನು' ಎಂದೇ ಕರೆದ. ಒತಿಲಿಯಾ ಮಾತ್ರ 'ನೀವು' ಬಿಡಲಿಲ್ಲ. ಉಪ್ಪು ಕೊಡಿ, ಕಾಲು ತೆಗೀರಿ, ಗೊರಕೆ ಹೊಡೀಬೇಡಿ, ಎಲ್ಲ ಮರ್ಯಾದೆಯಿಂದಲೇ.

"ಕಟ್ಟಿಕೊಂಡ ಗಂಡನ್ನ ಇನ್ನೂ ನೀವು ಅಂತೀಯಲ್ಲೇ, ಅವನೇನು ನಿನ್ನ ಪಾದ್ರಿಯಾ?" ಎಂದು ಕೆಣಕುತ್ತಿದ್ದೆ.

"ಇರ್ಲಿ ಬಿಡು ರೆಮೆ. ಅವಸರ ಏನಿದೆ?" ಎನ್ನುತ್ತಿದ್ದಳು.

ಅಣ್ಣ ಆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಹೋದ, ಒಂದು ಶುಕ್ರವಾರದ ಸಂಜೆ. ಒಂದು ಬೂಟಿಗೆ ಪಾಲಿಶ್ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಉಳಿದದ್ದಕ್ಕೆ ಒತಿಲಿಯಾ ಪಾಲಿಶ್ ಹಾಕಿ ಅವನ ಕಾಲಿಗೆ ತೊಡಿಸಿ ಕಳಿಸಿದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಇಬ್ಬರ ಪಾಲಿನದೂ ಅತ್ತೆ.

ಕ್ರಿಯೆಗಳೆಲ್ಲ ಮುಗಿದ ಮೇಲಿನ ಶನಿವಾರ ಅವಳು ಹಸಿರು ಉಡುಪು ತೊಟ್ಟು ಹೊರಟಳು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಕೈಚೀಲ ನನ್ನ ಮಡಿಲಿಗೆ ಹಾಕಿ, ತಮ್ಮ ಇಟ್ಟಿಗೆಯ ಮೇಲೆ ಹೋಗಿ ಒಬ್ಬಳೇ ನಿಂತಳು. ಅಬುಂದಿಯೊ ಗಂಟಲು ಸರಿಮಾಡಿಕೊಂಡ, ಆದರೂ ದನಿ ಒಡೆಯಿತು. "ಏ ಮನೆಮಂದಿ! ಈ ದಾನ್ಸೋನ್ ಡೊನ್ ಫಿದೆನ್ಸಿಯೊ ಅವರಿಗೆ, ಅವರ ಜೊತೆಗಿರೋರಿಗೆ!"

ಪಲ್ಲವಿ ಬಂತು. ಒತಿಲಿಯಾ ಬೀಸಣಿಗೆ ಬಿಚ್ಚಿ, ಬಲಗಡೆ ಒಬ್ಬರಿಗೆ ಜಾಗ ಬಿಟ್ಟು ನಿಂತಳು. ಪೆಟ್ಟು ಬಿತ್ತು. ಚೌಕದಲ್ಲಿ ಯಾರೂ ಹೆಜ್ಜೆ ಎತ್ತಲಿಲ್ಲ, ಯಾರೂ ಸಿಳ್ಳೆ ಹಾಕಲಿಲ್ಲ. ಅವಳು ಆ ಖಾಲಿ ಜಾಗದ ಕಡೆ ತಿರುಗಿದಳು.

"ಏಳು ಮತ್ತೆ, ತಾಳ ಬಿತ್ತು," ಎಂದಳು. "ಎಷ್ಟು ಹೊತ್ತು ಸುಧಾರಿಸ್ಕೋತೀಯಾ ನೀನು?"